ತಾತಗುಣಿಯ ರಾಣಿ, ನಮ್ಮ ಸೀಮೆಯ ಚಿಕ್ಕವ್ವ

ನಮ್ಮ ಕಡೆ ಎರಡನೇ ಮದುವೆಗೆ ಒಂದೇ ಹೆಸರಿಲ್ಲ. ಗಂಡ ಸತ್ತವಳು ಇನ್ನೊಬ್ಬನ ಕೈ ಹಿಡಿದರೆ ‘ಕೂಡಾವಳಿ’. ಹೆಂಡತಿ ಸತ್ತವನು ಮತ್ತೆ ಮದುವೆಯಾದರೆ ‘ಎರಡನೇ ಸಂಬಂಧ’. ಓದಿದವರ ಬಾಯಲ್ಲಿ ‘ಮರುಮದುವೆ’. ಹೆಸರು ಯಾವುದಾದರೂ ಇರಲಿ, ಹೇಳುವಾಗ ದನಿ ಮಾತ್ರ ಸ್ವಲ್ಪ ತಗ್ಗುತ್ತದೆ. ‘ಅವ್ಳು ಎರಡ್ನೇವ್ಳು ಕನವ್ವ’ ಅಂತ ಭೀಮನಬೀಡಿನ ಜಗುಲಿಯಲ್ಲಿ ಯಾರಾದರೂ ಅಂದರೆ, ಅದರಲ್ಲಿ ಬೈಗುಳ ಇರುವುದಿಲ್ಲ, ನಿಜ. ಆದರೆ ಲೆಕ್ಕ ಇರುತ್ತದೆ. ಮೊದಲನೆಯವಳು ಮನೆಯವಳು, ಎರಡನೆಯವಳು ಬಂದವಳು ಎನ್ನುವ ಲೆಕ್ಕ.

ಈ ವಾರ ಒಬ್ಬ ಹೆಂಗಸಿನ ಎರಡನೇ ಸಂಸಾರದ ಕಥೆ ಹೇಳುತ್ತೇನೆ. ಆಕೆಯ ಹೆಸರು ಹೇಳುವಾಗ ಯಾರೂ ದನಿ ತಗ್ಗಿಸಲಿಲ್ಲ. ದೇಶದ ದೊಡ್ಡ ದೊಡ್ಡವರೆಲ್ಲ ಎದ್ದು ನಿಂತು ನಮಸ್ಕಾರ ಹೇಳಿದರು. ಆದರೂ ಕೊನೆಗೆ ಆಕೆಯ ಮನೆಗೂ ನಮ್ಮ ಹಳ್ಳಿ ಮನೆಗಳಿಗೆ ಬರುವ ತಾಪತ್ರಯವೇ ಬಂತು.

ನಮ್ಮ ಜಿಲ್ಲೆಯಿಂದ ಬೆಂಗಳೂರಿಗೆ ಮೈಸೂರಿನ ಮೇಲೆ ಹೋಗದೆ ಕೊಳ್ಳೇಗಾಲ, ಮಳವಳ್ಳಿ, ಕನಕಪುರದ ದಾರಿ ಹಿಡಿಯುವವರಿಗೆ ಆ ಜಾಗ ಗೊತ್ತು, ಗೊತ್ತಿದೆ ಎಂದು ಗೊತ್ತಿಲ್ಲ ಅಷ್ಟೇ. ಕಗ್ಗಲೀಪುರ ದಾಟಿದ ಮೇಲೆ, ರೇಷ್ಮೆ ಸಂಸ್ಥೆಯ ಮೆಟ್ರೊ ನಿಲ್ದಾಣ ಸಿಗುವುದಕ್ಕೆ ಮುಂಚೆ, ಕಿಟಕಿಯಾಚೆ ಒಂದು ಕಡೆ ಬರೀ ಮರಗಳೇ ಕಾಣುತ್ತವೆ. ಸುತ್ತ ಅಪಾರ್ಟ್‌ಮೆಂಟುಗಳು ಏಳುತ್ತಿರುವಾಗ ಇಷ್ಟು ಜಾಗ ಖಾಲಿ ಹೇಗೆ ಉಳಿಯಿತು ಅಂತ ನಿದ್ದೆಗಣ್ಣಿನಲ್ಲೂ ಅನ್ನಿಸಬೇಕು. ಅದು ತಾತಗುಣಿ ಎಸ್ಟೇಟು. ಅಲ್ಲಿ ಬಾಳಿದ್ದು ಚಿತ್ರಕಾರ ಸ್ವೆತೊಸ್ಲಾವ್ ರೋರಿಚ್ ಮತ್ತು ಅವರ ಹೆಂಡತಿ ದೇವಿಕಾರಾಣಿ.

ಮೊದಲ ಸಂಸಾರ: ಹನ್ನೊಂದು ವರ್ಷ

ದೇವಿಕಾರಾಣಿ ಹುಟ್ಟಿದ್ದು 1908ರಲ್ಲಿ, ಆಂಧ್ರದ ವಾಲ್ಟೇರಿನಲ್ಲಿ. ಬಂಗಾಳಿ ಮನೆತನ, ರವೀಂದ್ರನಾಥ ಟಾಗೋರರ ಬಂಧುವರ್ಗ. ತಂದೆ ವೈದ್ಯರು. ಹುಡುಗಿ ಓದಿದ್ದು ಇಂಗ್ಲೆಂಡಿನಲ್ಲಿ. ಅಲ್ಲಿ ಸಿಕ್ಕವರು ಹಿಮಾಂಶು ರಾಯ್. ಸಿನಿಮಾ ಹುಚ್ಚಿನ ಮನುಷ್ಯ, ಆಕೆಗಿಂತ ಹದಿನಾರು ವರ್ಷ ದೊಡ್ಡವರು. 1929ರಲ್ಲಿ ಮದುವೆ ಆಯಿತು. ರಾಯ್ ಅವರಿಗೆ ಅದಕ್ಕೆ ಮುಂಚೆಯೇ ಜರ್ಮನಿಯಲ್ಲಿ ಒಂದು ಮದುವೆಯಾಗಿತ್ತು, ಮಗಳೂ ಇದ್ದಳು. ಅಂದರೆ ದೇವಿಕಾರಾಣಿ ಮೊದಲ ಸಲ ಮದುವೆಯಾದಾಗಲೇ ‘ಎರಡನೆಯವಳು’!

1934ರಲ್ಲಿ ಗಂಡ ಹೆಂಡತಿ ಸೇರಿ ಮುಂಬಯಿಯ ಮಲಾಡ್‌ನಲ್ಲಿ ಬಾಂಬೆ ಟಾಕೀಸ್ ಕಟ್ಟಿದರು. 1936ರ ‘ಅಛೂತ್ ಕನ್ಯಾ’ದಲ್ಲಿ ಅಶೋಕ್ ಕುಮಾರ್ ಜೊತೆ ನಟಿಸಿದ ಮೇಲೆ ದೇವಿಕಾರಾಣಿಯ ಹೆಸರು ಮನೆಮಾತಾಯಿತು. ಮನೆಯೊಳಗೆ ಮಾತ್ರ ಎಲ್ಲವೂ ಸರಿಯಿರಲಿಲ್ಲ. ಒಮ್ಮೆ ಸಹನಟನ ಜೊತೆ ಮನೆ ಬಿಟ್ಟು ಹೋದರು, ಮತ್ತೆ ಬಂದರು. ಅದನ್ನೇ ಹಿಡಿದು ಜನ ಇವತ್ತಿಗೂ ಯೂಟ್ಯೂಬಿನಲ್ಲಿ ವಿಡಿಯೊ ಮಾಡುತ್ತಾರೆ. ಗಂಡನೇ ಮಾಲೀಕ, ಹೆಂಡತಿಯೇ ನಾಯಕಿ, ಮನೆ ಜಗಳವೂ ಸ್ಟುಡಿಯೊ ಜಗಳವೂ ಒಂದೇ ಸೂರಿನಡಿ ಇದ್ದರೆ ಹೇಗಿರುತ್ತದೆ ಅಂತ ಯೋಚಿಸುವವರು ಕಡಿಮೆ. ಗಂಡ ಹೆಂಡತಿ ಇಬ್ಬರೂ ಒಂದೇ ಸ್ಟಾರ್ಟಪ್ ನಡೆಸುತ್ತಿದ್ದರೆ ನಿಮಗೆ ಅರ್ಥವಾದೀತು.

1940ರಲ್ಲಿ ಹಿಮಾಂಶು ರಾಯ್ ತೀರಿಕೊಂಡರು. ಆಕೆಗೆ ಆಗ 32 ವರ್ಷ. ಸಾಲ, ಕೆಲಸಗಾರರು, ಅರ್ಧಕ್ಕೆ ನಿಂತ ಕೆಲಸ ಎಲ್ಲ ತಲೆಯ ಮೇಲೆ ಬಂತು. ಆಕೆ ಮೂಲೆ ಸೇರಲಿಲ್ಲ, ಸ್ಟುಡಿಯೊ ನಡೆಸಿದರು. 1943ರ ‘ಕಿಸ್ಮತ್’ ಅಲ್ಲಿಂದಲೇ ಬಂತು, ಕಲ್ಕತ್ತೆಯ ಒಂದೇ ಚಿತ್ರಮಂದಿರದಲ್ಲಿ ಮೂರು ವರ್ಷಕ್ಕೂ ಹೆಚ್ಚು ಓಡಿತು. ದಿಲೀಪ್ ಕುಮಾರ್ ಎಂಬ ಹೊಸ ಹುಡುಗನನ್ನು 1944ರ ‘ಜ್ವಾರ್ ಭಾಟಾ’ದಲ್ಲಿ ತೆರೆಗೆ ತಂದದ್ದೂ ಈಕೆಯ ಕಾಲದಲ್ಲೇ. ಆದರೆ ಸಂಸ್ಥೆಯೊಳಗೆ ಎರಡು ಪಂಗಡ ಆಯಿತು. 1943ರಲ್ಲಿ ಅಶೋಕ್ ಕುಮಾರ್, ಶಶಧರ ಮುಖರ್ಜಿ ಮೊದಲಾದವರು ಹೊರಟು ಫಿಲ್ಮಿಸ್ತಾನ್ ಕಟ್ಟಿಕೊಂಡರು. ವಿಧವೆಯೊಬ್ಬಳು ಯಜಮಾನಿಕೆ ಮಾಡುವುದು ಆ ಕಾಲಕ್ಕೆ ಸಣ್ಣ ಮಾತಲ್ಲ. ಐದು ವರ್ಷ ಜಗ್ಗಾಡಿ, 1945ರಲ್ಲಿ ಎಲ್ಲ ಬಿಟ್ಟು ಎದ್ದರು.

ಎರಡನೆಯದು: ನಲವತ್ತೇಳು ವರ್ಷ

ಅದೇ ವರ್ಷ ಆಗಸ್ಟ್ ತಿಂಗಳಲ್ಲಿ ಆಕೆ ಸ್ವೆತೊಸ್ಲಾವ್ ರೋರಿಚ್ ಅವರನ್ನು ಮದುವೆಯಾದರು. ಆಕೆಗೆ 37, ಅವರಿಗೆ 40. ರೋರಿಚ್ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನವರು. ತಂದೆ ನಿಕೊಲಸ್ ರೋರಿಚ್ ಹಿಮಾಲಯದ ಚಿತ್ರಗಳಿಗಾಗಿ ಲೋಕಕ್ಕೆಲ್ಲ ಗೊತ್ತಿದ್ದವರು. ಇಡೀ ಕುಟುಂಬ ಕುಲು ಕಣಿವೆಯ ನಗ್ಗರ್ ಎಂಬ ಊರಿನಲ್ಲಿ ನೆಲೆಸಿತ್ತು. ಮಾವ ಚಿತ್ರಕಾರ, ಅತ್ತೆ ಹೆಲೆನಾ ಅಧ್ಯಾತ್ಮದ ಬರಹಗಾರ್ತಿ, ಮೈದುನನೋ ಭಾವನೋ ಆಗಬೇಕಾದ ಜಾರ್ಜ್ ಟಿಬೆಟನ್ ಭಾಷೆಯ ವಿದ್ವಾಂಸ. ಮುಂಬಯಿಯ ಸ್ಟುಡಿಯೊದಿಂದ ಹೊರಟ ಸೊಸೆ ಬಂದು ಸೇರಿದ್ದು ಇಂಥ ಮನೆಗೆ.

1947ರ ಡಿಸೆಂಬರಿನಲ್ಲಿ ಮಾವ ತೀರಿಕೊಂಡರು. ಅತ್ತೆ ದೊಡ್ಡ ಮಗನ ಜೊತೆ ಕಾಲಿಂಪಾಂಗ್ ಕಡೆ ಹೋದರು. ಈ ದಂಪತಿ 1940ರ ದಶಕದ ಕೊನೆಗೆ ದಕ್ಷಿಣಕ್ಕೆ ಬಂದು ಬೆಂಗಳೂರಿನ ಹೊರಗೆ ತಾತಗುಣಿಯಲ್ಲಿ ಜಮೀನು ತೆಗೆದುಕೊಂಡರು. ಸುಮಾರು 470 ಎಕರೆ. ಅಲ್ಲಿ ಲಿನಲೋ ಎಂಬ ಮರ ಬೆಳೆಸಿದರು. ಇದು ಮೆಕ್ಸಿಕೊ ಮೂಲದ ಮರ, ಇದರಿಂದ ತೆಗೆಯುವ ಎಣ್ಣೆ ಸುಗಂಧದ್ರವ್ಯಕ್ಕೆ ಹೋಗುತ್ತದೆ. ಬನ್ನೇರುಘಟ್ಟ ಕಾಡಿನ ಮಗ್ಗುಲು, ಆನೆ ಓಡಾಡುವ ಜಾಗ. ಬಂಡೀಪುರದ ಅಂಚಿನಲ್ಲಿ ರಾತ್ರಿ ಕಾವಲು ಕೂತು ಬೆಳೆದ ನಮ್ಮ ಗುಂಡ್ಲುಪೇಟೆಯವರಿಗೆ ಅದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಗಂಡ ಚಿತ್ರ ಬರೆದರು. ಸಂಸತ್ತಿನ ಸೆಂಟ್ರಲ್ ಹಾಲ್‌ನಲ್ಲಿ ಇರುವ ನೆಹರೂ ಭಾವಚಿತ್ರ ಅವರದು. ಹೆಂಡತಿಯ ಭಾವಚಿತ್ರವನ್ನೂ ಮತ್ತೆ ಮತ್ತೆ ಬರೆದರು. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ತಂದೆ ಮಗ ಇಬ್ಬರ ಚಿತ್ರಗಳಿಗೂ ಗ್ಯಾಲರಿ ಇದೆ. ಭಾನುವಾರ ಮಾಲ್‌ಗೆ ಹೋಗುವ ಬದಲು ಒಮ್ಮೆ ಕುಮಾರಕೃಪಾ ರಸ್ತೆಗೆ ಹೋಗಿ ನೋಡಿ, ಆ ನೀಲಿ ಬೆಟ್ಟಗಳ ಮುಂದೆ ಫೋನು ತಾನಾಗಿ ಜೇಬಿಗೆ ಹೋಗುತ್ತದೆ.

ಹೆಂಡತಿ ಮತ್ತೆ ಕ್ಯಾಮೆರಾ ಮುಂದೆ ಬರಲಿಲ್ಲ. 1958ರಲ್ಲಿ ಪದ್ಮಶ್ರೀ ಬಂತು. 1969ರ ಸಾಲಿಗೆ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಶುರುವಾದಾಗ ಮೊತ್ತಮೊದಲನೆಯದು ಈಕೆಗೇ ಸಿಕ್ಕಿತು. ನಡುವೆ 1961ರಲ್ಲಿ ಗಂಡನಿಗೆ ಪದ್ಮಭೂಷಣ. ಮಕ್ಕಳಾಗಲಿಲ್ಲ. ಇಬ್ಬರೇ, ಆ ಮರಗಳ ನಡುವೆ, ದಶಕಗಳ ಕಾಲ.

ಇಲ್ಲಿ ಒಂದು ವಿಚಿತ್ರ ನೋಡಿ. ದೇವಿಕಾರಾಣಿ ಬಗ್ಗೆ ಏನೇ ಓದಿದರೂ ಹನ್ನೊಂದು ವರ್ಷದ ಮೊದಲ ಸಂಸಾರಕ್ಕೆ ಹತ್ತು ಪುಟ. ನಲವತ್ತೇಳು ವರ್ಷದ ಎರಡನೆಯದಕ್ಕೆ ಒಂದು ಸಾಲು: ಆಮೇಲೆ ರಷ್ಯಾದ ಚಿತ್ರಕಾರರೊಬ್ಬರನ್ನು ಮದುವೆಯಾಗಿ ಬೆಂಗಳೂರಿನಲ್ಲಿ ನೆಲೆಸಿದರು. ಅಷ್ಟೇ. ಗಲಾಟೆ ಇದ್ದ ಕಡೆ ಕಥೆ ಇರುತ್ತದೆ, ನೆಮ್ಮದಿ ಇದ್ದ ಕಡೆ ಯಾರೂ ಮೈಕು ಹಿಡಿದು ಹೋಗುವುದಿಲ್ಲ. ಆದರೆ ಬಾಳಿದವರ ಲೆಕ್ಕದಲ್ಲಿ ಯಾವುದು ದೊಡ್ಡದು? ಬೆಳಿಗ್ಗೆ ಎದ್ದು ಒಟ್ಟಿಗೆ ಕಾಫಿ ಕುಡಿದ ದಿನಗಳನ್ನು ಎಣಿಸಿದರೆ ಎರಡನೆಯದೇ ನಿಜವಾದ ಸಂಸಾರ, ಮೊದಲನೆಯದು ಪೀಠಿಕೆ.

ಮುಪ್ಪಿನಲ್ಲಿ ಬಂದ ಕಾಗದಗಳು

ರೋರಿಚ್ ಕಾಗದಪತ್ರದ ವಿಷಯದಲ್ಲಿ ಉದಾಸೀನದ ಮನುಷ್ಯರೇನಲ್ಲ. ತಂದೆ ತಾಯಿ ಬಿಟ್ಟುಹೋದ ಚಿತ್ರ, ಪತ್ರ, ಹಸ್ತಪ್ರತಿಗಳಲ್ಲಿ ದೊಡ್ಡ ಪಾಲನ್ನು 1990ರಲ್ಲಿ ಮಾಸ್ಕೋದ ರೋರಿಚ್ ಪ್ರತಿಷ್ಠಾನಕ್ಕೆ ಒಪ್ಪಿಸಿದರು. ನಗ್ಗರ್‌ನ ಮನೆಗೆ 1992ರಲ್ಲಿ ಒಂದು ಟ್ರಸ್ಟು ಮಾಡಿದರು. ಅದು ಈಗ ಮ್ಯೂಸಿಯಂ, ಮನಾಲಿಗೆ ಟ್ರಿಪ್ ಹೋದವರು ನೋಡಿರುತ್ತೀರಿ. ತಂದೆ ತಾಯಿಯ ನೆನಪಿಗೆ ಇಷ್ಟು ವ್ಯವಸ್ಥೆ ಆಯಿತು. ಗಂಡ ಹೆಂಡತಿ ತಾವೇ ಕಟ್ಟಿಕೊಂಡ ಮನೆ, ತಾವೇ ಬೆಳೆಸಿದ ತೋಟದ ಗತಿ ಬೇರೆಯೇ ಆಯಿತು.

ಕಾಗದವೇ ಇರಲಿಲ್ಲ ಅಂತಲ್ಲ. ಇದ್ದ ಕಾಗದಗಳ ಮೇಲೇ ಜಗಳ. 1991ರಲ್ಲಿ ಜಮೀನಿನ ಒಂದು ದೊಡ್ಡ ಭಾಗಕ್ಕೆ ಕ್ರಯಪತ್ರ ಆಯಿತು. ಆಗ ಗಂಡನಿಗೆ 86, ಹೆಂಡತಿಗೆ 83 ತುಂಬುವ ಹೊತ್ತು. ಪಕ್ಕದಲ್ಲಿ ಕೂತು ಓದಿ ಹೇಳಲು ಮಕ್ಕಳಿಲ್ಲ. 1993ರ ಜನವರಿ 30ರಂದು ರೋರಿಚ್ ತೀರಿಕೊಂಡರು. ಹದಿಮೂರು ತಿಂಗಳು ಕಳೆದು, 1994ರ ಮಾರ್ಚ್ 9ರಂದು ದೇವಿಕಾರಾಣಿ. ಅಷ್ಟರಲ್ಲೇ ಜಮೀನು ಯಾರದು, ಚಿತ್ರ ಯಾರದು, ಒಡವೆ ಯಾರದು ಎಂಬ ಪ್ರಶ್ನೆಗಳು ಎದ್ದಿದ್ದವು.

1996ರಲ್ಲಿ ಕರ್ನಾಟಕ ಸರ್ಕಾರ ಈ ಒಂದು ಎಸ್ಟೇಟಿಗೆ ಅಂತಲೇ ಒಂದು ಕಾಯ್ದೆ ತಂದು ಸ್ವಾಧೀನಕ್ಕೆ ಮುಂದಾಯಿತು. ಒಂದು ಮನೆಗೆ ಒಂದು ಕಾಯ್ದೆ! ಅದನ್ನು ಪ್ರಶ್ನಿಸಿದ ಮೊಕದ್ದಮೆ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠದವರೆಗೂ ಹೋಯಿತು. 2011ರ ಆಗಸ್ಟ್ 9ರಂದು ಕೋರ್ಟು ಕಾಯ್ದೆಯನ್ನು ಎತ್ತಿ ಹಿಡಿಯಿತು. ಆಸ್ತಿಯ ಹಕ್ಕಿನ ಬಗ್ಗೆ ಓದುವ ಕಾನೂನು ವಿದ್ಯಾರ್ಥಿಗಳು ಇವತ್ತಿಗೂ ಈ ತೀರ್ಪು ಓದುತ್ತಾರೆ. ಮನೆಯೊಡತಿ ಹೋಗಿ ಆಗಲೇ ಹದಿನೇಳು ವರ್ಷ. ಕೋರ್ಟಿನಲ್ಲಿ ಕಡತಗಳು ದಪ್ಪವಾಗುತ್ತಿದ್ದ ಅಷ್ಟೂ ವರ್ಷ ಇತ್ತ ಮನೆ ಸೋರುತ್ತಿತ್ತು, ಲಿನಲೋ ಸಾಲುಗಳಲ್ಲಿ ಕಳೆ ಎದ್ದಿತ್ತು.

ಯಾರು ಸರಿ, ಯಾರು ತಪ್ಪು ಎಂಬುದು ಕೋರ್ಟಿನ ಕೆಲಸ, ನಮ್ಮದಲ್ಲ. ನಮಗೆ ಇಲ್ಲಿ ಕಾಣುವುದು ಒಂದೇ. ಕೈ ನಡುಗದ ಕಾಲದಲ್ಲಿ ಮಾಡಬೇಕಾದ ಕೆಲಸವನ್ನು ಕೈ ನಡುಗುವ ಕಾಲಕ್ಕೆ ಇಟ್ಟುಕೊಂಡರೆ, ಆಮೇಲೆ ಮಾಡಿದ ಪ್ರತಿ ಸಹಿಯ ಮೇಲೂ ಯಾರಾದರೂ ಭೂತಗನ್ನಡಿ ಹಿಡಿಯುತ್ತಾರೆ.

ಒಲೆಗೇನ್ ಪಾಣಿ ಬತ್ತದ?

‘ಅವರದು 470 ಎಕರೆ, ನಮ್ಮದು ಎರಡೂವರೆ ಎಕರೆ, ನಮಗೇಕೆ ಈ ಕಥೆ’ ಅಂತ ಅನ್ನಬೇಡಿ. ಎಕರೆ ಕಡಿಮೆಯಾದಷ್ಟೂ ಏಟು ಜೋರು.

ನಮ್ಮ ಸೀಮೆಯ ಒಂದು ಮನೆ, ಹೆಸರು ಬೇಡ. ಮೊದಲ ಹೆಂಡತಿ ತೀರಿಕೊಂಡಾಗ ಇಬ್ಬರು ಗಂಡುಮಕ್ಕಳು, ದೊಡ್ಡವನಿಗೆ ಐದು, ಚಿಕ್ಕವನಿಗೆ ಮೂರು. ವರ್ಷ ತುಂಬುವುದರೊಳಗೆ ಒಬ್ಬ ಹೆಂಗಸು ಆ ಮನೆಗೆ ಬಂದಳು. ದೇವಸ್ಥಾನದಲ್ಲಿ ತಾಳಿ, ನಾಲ್ಕು ಜನಕ್ಕೆ ಊಟ, ಅಷ್ಟೇ. ಮಕ್ಕಳು ‘ಚಿಕ್ಕವ್ವ’ ಅಂದರು. ಆಕೆಗೆ ಮಕ್ಕಳಾಗಲಿಲ್ಲ, ಆಗಬೇಕು ಅಂತ ಹರಕೆ ಹೊತ್ತಿದ್ದೂ ಯಾರಿಗೂ ಗೊತ್ತಿಲ್ಲ. ಅರಿಸಿನ ಬೇಯಿಸಿದಳು, ಚೆಂಡುಹೂವು ಬಿಡಿಸಿದಳು, ಎಮ್ಮೆ ಕಟ್ಟಿದಳು. ಹುಡುಗರು ಇಂಜಿನಿಯರಿಂಗ್ ಓದಿ ಬೆಂಗಳೂರು ಸೇರಿದರು. ನಿಮ್ಮ ಹಾಗೆಯೇ, ಬ್ಯಾಡ್ಜ್ ಕೊರಳಿಗೆ ಹಾಕಿಕೊಂಡು ಕ್ಯಾಬ್‌ಗೆ ಕಾಯುವವರು.

ಅಪ್ಪ ತೀರಿಕೊಂಡರು. ಪೌತಿ ಖಾತೆಗೆ ಅರ್ಜಿ ಹಾಕಬೇಕು, ಅದಕ್ಕೆ ವಂಶವೃಕ್ಷ ಬೇಕು. ದೊಡ್ಡ ಮಗ ರಜೆ ಹಾಕಿ ಬಂದವನು ಅವಸರದಲ್ಲಿ ವಿವರ ಕೊಟ್ಟ: ತಂದೆ ಮೃತ, ತಾಯಿ ಮೃತ, ಮಕ್ಕಳು ಇಬ್ಬರು. ಬರೆದದ್ದು ಸುಳ್ಳಲ್ಲ. ಆದರೆ ನಲವತ್ತು ವರ್ಷ ಆ ಮನೆಯಲ್ಲಿ ದೀಪ ಹಚ್ಚಿದವಳು ಆ ಕಾಗದದಲ್ಲಿ ಇರಲಿಲ್ಲ. ದುರಾಸೆಯಿಂದ ಬಿಟ್ಟದ್ದಲ್ಲ, ‘ಚಿಕ್ಕವ್ವ ಎಲ್ಲಿಗೆ ಹೋಗ್ತಾಳೆ, ಇಲ್ಲೇ ಇರ್ತಾಳಲ್ಲ’ ಎಂಬ ಸಲಿಗೆಯಿಂದ ಬಿಟ್ಟದ್ದು. ಹೊಸ ಪಹಣಿ ಬಂದಾಗ ಎರಡೇ ಹೆಸರು.

ಆಕೆ ಜಗಳ ಮಾಡಲಿಲ್ಲ. ಪಕ್ಕದ ಮನೆಯವಳ ಹತ್ತಿರ ಅಂದದ್ದು ಇಷ್ಟೇ: ‘ನನ್ನೆಸ್ರು ಎಲ್ಲೂ ಇಲ್ವಂತೆ ಕನವ್ವ. ನಲವತ್ ವರ್ಸ ಒಲೆ ಉರ್ಸ್ದಿ. ಒಲೆಗೇನ್ ಪಾಣಿ ಬತ್ತದ?’

ಆ ಮಾತು ಬಾಯಿಂದ ಬಾಯಿಗೆ ಹೋಗಿ ಚಿಕ್ಕ ಮಗನ ಕಿವಿ ಮುಟ್ಟಿತು. ಅವನು ಅಣ್ಣನ ಜೊತೆ ಕೂತು ಮಾತಾಡಿದ. ಇಬ್ಬರೂ ಮತ್ತೆ ಬಂದು ಅರ್ಜಿ ಕೊಟ್ಟರು. ಮದುವೆ ನೋಂದಣಿಯಾಗಿರಲಿಲ್ಲ. ರೇಷನ್ ಕಾರ್ಡು, ಮತದಾರರ ಚೀಟಿ, ಹುಡುಗರ ಶಾಲೆಯ ಅರ್ಜಿಯಲ್ಲಿ ಆಕೆ ಒತ್ತಿದ್ದ ಹೆಬ್ಬೆಟ್ಟು, ಇವನ್ನೆಲ್ಲ ಹುಡುಕಿ ಜೋಡಿಸಿದರು. ತಿಂಗಳುಗಟ್ಟಲೆ ಓಡಾಡಿದ ಮೇಲೆ ಪಹಣಿಯಲ್ಲಿ ಮೂರನೆಯ ಹೆಸರು ಬಂತು. ಆ ಮನೆ ಒಡೆಯಲಿಲ್ಲ. ಒಡೆಯದೆ ಉಳಿದದ್ದಕ್ಕೆ ಕಾರಣ ಕಾನೂನಲ್ಲ, ಇಬ್ಬರು ಮಕ್ಕಳ ಮನಸ್ಸು. ಆ ಮನಸ್ಸು ಇಲ್ಲದ ಮನೆಗಳೂ ಇವೆ, ಅವುಗಳ ಕಥೆ ಕೋರ್ಟಿನ ಆವರಣದಲ್ಲಿ ಸಿಗುತ್ತದೆ.

ಇದು ನಮ್ಮವರ ಹಣೆಬರಹ ಮಾತ್ರ ಅಂದುಕೊಳ್ಳಬೇಡಿ. ನಾಲ್ಕು ಶತಮಾನದ ಹಿಂದೆ, ಯೂರೋಪಿನ ಆ್ಯಂಟ್‌ವರ್ಪ್ ನಗರದಲ್ಲಿ ರೂಬೆನ್ಸ್ ಎಂಬ ಮಹಾ ಚಿತ್ರಕಾರನಿದ್ದ. ಮೊದಲ ಹೆಂಡತಿ ಇಸಬೆಲ್ಲಾ 1626ರಲ್ಲಿ ತೀರಿಕೊಂಡಳು. 1630ರಲ್ಲಿ, ತನ್ನ 53ನೇ ವಯಸ್ಸಿನಲ್ಲಿ, 16ರ ಹೆಲೆನಾಳನ್ನು ಮದುವೆಯಾದ. ಇವತ್ತು ಕೇಳಿದರೆ ಮೈ ಜುಮ್ಮೆನ್ನುವ ಅಂತರ ಅದು. ಹತ್ತೇ ವರ್ಷಕ್ಕೆ ಅವನು ಸತ್ತ. ಮೊದಲನೆಯವಳ ಗಂಡುಮಕ್ಕಳಿಬ್ಬರು, ಇವಳ ಮಕ್ಕಳು ನಾಲ್ವರು, ಐದನೆಯದು ಹೊಟ್ಟೆಯಲ್ಲಿ. ಆದರೆ ಅವನು ಉಯಿಲು ಬರೆದಿಟ್ಟಿದ್ದ. ಅವಳದೇ ಒಂದು ಆಪ್ತ ಭಾವಚಿತ್ರವನ್ನು ಅವಳಿಗೇ ಸೇರಬೇಕು ಅಂತ ಹೆಸರಿಟ್ಟು ಕಾಣಿಸಿದ್ದ. ಮಾರಾಟಕ್ಕೆ ಹೋಗದೆ ಅದು ಅವಳ ಹತ್ತಿರ ಉಳಿಯಿತು. ಒಂದು ಚಿತ್ರಕ್ಕೂ ಒಂದು ಸಾಲು ಬರೆದಿಟ್ಟವನ ಎಚ್ಚರ ಅದು.

ನಿಮಗೆ ಬೇಕಾದಷ್ಟು ಕಾನೂನು

ಈ ಅಂಕಣ ಓದುವವರಲ್ಲಿ ಹೆಚ್ಚಿನವರು ಮೂವತ್ತರ ಆಸುಪಾಸಿನವರು. ನಿಮ್ಮಲ್ಲಿ ಕೆಲವರಿಗೆ ಚಿಕ್ಕವ್ವ ಇದ್ದಾರೆ. ಕೆಲವರು ಒಂಟಿಯಾದ ಅಪ್ಪನಿಗೋ ಅಮ್ಮನಿಗೋ ಒಂದು ಜೊತೆ ಸಿಕ್ಕರೆ ಚೆನ್ನ ಅಂತ ಒಳಗೊಳಗೇ ಯೋಚಿಸುತ್ತಿದ್ದೀರಿ, ಹೇಳಲು ಬಾಯಿ ಬರುತ್ತಿಲ್ಲ. ಕೆಲವರು ನೀವೇ ಎರಡನೇ ಸಲ ತಾಳಿ ಕಟ್ಟುವ, ಕಟ್ಟಿಸಿಕೊಳ್ಳುವ ಹೊಸ್ತಿಲಲ್ಲಿದ್ದೀರಿ. ಹಾಗಾಗಿ ನಾಲ್ಕು ವಿಷಯ ಬಿಡಿಸಿ ಹೇಳುತ್ತೇನೆ. ಇದು ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಒಳಪಟ್ಟ ಮನೆಗಳ ಮಾತು, ಬೇರೆ ಧರ್ಮದವರಿಗೆ, ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾದವರಿಗೆ ನಿಯಮ ಬೇರೆ ಇರಬಹುದು.

ಒಂದು: ಮೊದಲ ಹೆಂಡತಿ ತೀರಿಕೊಂಡ ಮೇಲೋ, ಕಾನೂನು ಪ್ರಕಾರ ವಿಚ್ಛೇದನ ಆದ ಮೇಲೋ ನಡೆದ ಎರಡನೇ ಮದುವೆ ಪೂರ್ತಿ ಮದುವೆ. ಗಂಡ ಉಯಿಲು ಬರೆಯದೆ ಸತ್ತರೆ ಅವನ ಸ್ವಂತ ಸಂಪಾದನೆಯ ಆಸ್ತಿಯಲ್ಲಿ ಆಕೆಗೂ ಪ್ರತಿಯೊಬ್ಬ ಮಗ, ಮಗಳಿಗೂ ಸಮಪಾಲು. ಅವನ ತಾಯಿ ಬದುಕಿದ್ದರೆ ತಾಯಿಗೂ ಒಂದು ಪಾಲು. ಮೊದಲನೆಯವಳು ಬದುಕಿದ್ದು, ವಿಚ್ಛೇದನವೂ ಆಗದಿದ್ದರೆ ಎರಡನೆಯದು ಮದುವೆಯೇ ಅಲ್ಲ, ಆಕೆಗೆ ಪಾಲಿಲ್ಲ. ಆದರೆ ಅಂಥ ಸಂಬಂಧದ ಮಕ್ಕಳಿಗೆ ತಂದೆ ತಾಯಿಯ ಆಸ್ತಿಯಲ್ಲಿ ಹಕ್ಕಿದೆ. 2023ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟು ಇದನ್ನು ಇನ್ನಷ್ಟು ಸ್ಪಷ್ಟ ಮಾಡಿತು. ಕೂಡುಕುಟುಂಬದ ಆಸ್ತಿಯಲ್ಲಿ ತಂದೆಗೆ ಬರುತ್ತಿದ್ದ ಪಾಲಿನಲ್ಲೂ ಅವರಿಗೆ ಹಕ್ಕು ಸಿಗುತ್ತದೆ.

ಎರಡು: ಗಂಡನ ಮೊದಲ ಹೆಂಡತಿಯ ಮಕ್ಕಳು, ಎಷ್ಟೇ ಪ್ರೀತಿಯಿಂದ ಸಾಕಿದ್ದರೂ, ಕಾನೂನಿನ ಮೊದಲ ಸಾಲಿನಲ್ಲಿ ಆಕೆಯ ವಾರಸುದಾರರಲ್ಲ. ಗಂಡನ ವಾರಸುದಾರರಾಗಿ ಆಮೇಲಿನ ಸಾಲಿನಲ್ಲಿ ಬರುತ್ತಾರೆ. ಹಾಗೆಯೇ ಸಾಕಿದ ಮಗ ಮದುವೆಯಾಗದೆ ತೀರಿಕೊಂಡರೆ ಅವನ ಆಸ್ತಿಗೆ ಆಕೆ ‘ತಾಯಿ’ ಎಂಬ ಮೊದಲ ಸಾಲಿನಲ್ಲಿ ಬರುವುದಿಲ್ಲ. ಪ್ರೀತಿಗೆ ತಕ್ಕ ಹಾಗೆ ಆಸ್ತಿ ಹೋಗಬೇಕಾದರೆ ಇಬ್ಬರೂ ಬರೆದಿಡಬೇಕು.

ಮೂರು: ಬ್ಯಾಂಕಿನಲ್ಲಿ, ಪಿಎಫ್‌ನಲ್ಲಿ, ಮ್ಯೂಚುಯಲ್ ಫಂಡಿನಲ್ಲಿ ನಾಮಿನಿ ಹಾಕಿದ್ದೇವೆ, ಮುಗಿಯಿತು ಅಂತ ಸುಮ್ಮನಿರಬೇಡಿ. ಸಾಮಾನ್ಯವಾಗಿ ನಾಮಿನಿ ಎಂದರೆ ಹಣ ಕೈಗೆ ತೆಗೆದುಕೊಳ್ಳುವವನು, ಒಡೆಯನಲ್ಲ. ಎರಡನೇ ಮದುವೆಯಾದ ಎಷ್ಟೋ ಜನರ ಕಡತದಲ್ಲಿ ನಾಮಿನಿ ಜಾಗದಲ್ಲಿ ಇನ್ನೂ ಮೊದಲ ಸಂಗಾತಿಯ ಹೆಸರೇ ಇರುತ್ತದೆ. ಇವತ್ತೇ ಆ್ಯಪ್ ತೆಗೆದು ನೋಡಿ. ಉಯಿಲಿಗೆ ಸ್ಟ್ಯಾಂಪ್ ಪೇಪರ್ ಬೇಡ, ನೋಂದಣಿ ಕಡ್ಡಾಯವಲ್ಲ. ಬರೆದವರ ಸಹಿ, ಅದನ್ನು ಕಣ್ಣಾರೆ ಕಂಡ ಇಬ್ಬರು ಸಾಕ್ಷಿಗಳ ಸಹಿ ಇರಬೇಕು. ಆಸ್ತಿ ಪಡೆಯುವವರೇ ಸಾಕ್ಷಿ ಹಾಕಬಾರದು. ನೋಂದಣಿ ಮಾಡಿಸಿದರೆ ಮುಂದೆ ಅನುಮಾನ ಕಡಿಮೆ.

ನಾಲ್ಕು: 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯಲ್ಲಿ ‘ಪೋಷಕರು’ ಅಂದರೆ ಹೆತ್ತವರು ಮಾತ್ರವಲ್ಲ, ಮಲತಾಯಿ, ಮಲತಂದೆಯೂ ಸೇರುತ್ತಾರೆ. ಜೀವನಾಂಶಕ್ಕೆ ಆಕೆ ಉಪವಿಭಾಗಾಧಿಕಾರಿಯ ಮುಂದೆ ಹೋಗಬಹುದು. ಮಕ್ಕಳೇ ಇಲ್ಲದ ಹಿರಿಯರು, ಮುಂದೆ ತಮ್ಮ ಆಸ್ತಿ ಯಾರಿಗೆ ಬರುತ್ತದೋ ಆ ನೆಂಟರಿಂದಲೂ ಕೇಳಬಹುದು. ಕಾಯ್ದೆ ಬರೆದವರು ಚಿಕ್ಕವ್ವನನ್ನು ಮರೆಯಲಿಲ್ಲ, ನಾವು ಮರೆಯುತ್ತೇವೆ.

ಮಾತು ಎತ್ತುವುದು ಹೇಗೆ?

ಇಷ್ಟು ತಿಳಿದ ಮೇಲೂ ಕಷ್ಟ ಇರುವುದು ಮಾತು ಎತ್ತುವುದರಲ್ಲೇ. ಅಪ್ಪನ ಮುಂದೆ ಉಯಿಲು ಅಂದರೆ ‘ನಾನ್ ಯಾವಾಗ ಸಾಯ್ತೀನಿ ಅಂತ ಕಾಯ್ತಿದ್ದೀಯಾ’ ಅಂತ ಬರುತ್ತದೆ. ಚಿಕ್ಕವ್ವನ ಹತ್ತಿರ ಕೇಳಿದರೆ ಆಕೆ ಸೆರಗಿನಲ್ಲಿ ಕಣ್ಣೊರೆಸುತ್ತಾರೆ. ಹಾಗಾಗಿ ಸಾವಿನಿಂದ ಶುರು ಮಾಡಬೇಡಿ, ಹೆಸರಿನಿಂದ ಶುರು ಮಾಡಿ. ‘ಅಪ್ಪಾಜಿ, ಪಹಣಿ ಆನ್‌ಲೈನ್‌ನಲ್ಲಿ ನೋಡ್ತಿದ್ದೆ, ಯಾರ್ ಯಾರ ಹೆಸರಿದೆ ಅಂತ ಒಂದ್ಸಲ ನೋಡೋಣ್ವಾ?’ ಈ ಪ್ರಶ್ನೆಗೆ ಯಾರೂ ಸಿಟ್ಟಾಗುವುದಿಲ್ಲ. ಆಧಾರ್, ರೇಷನ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್ಕು, ಆಸ್ಪತ್ರೆಯ ವಿಮೆ, ಒಂದೊಂದರಲ್ಲೂ ಆ ಹೆಂಗಸಿನ ಹೆಸರು ಇದೆಯೇ, ಒಂದೇ ರೀತಿ ಇದೆಯೇ ನೋಡಿ. ಮದುವೆ ಹಳೆಯದಾದರೂ ಈಗ ನೋಂದಣಿ ಮಾಡಿಸಲು ಆಗುತ್ತದೆಯೇ ಕೇಳಿ. ಉಯಿಲಿನ ಮಾತು ಆಮೇಲೆ ತಾನಾಗಿ ಬರುತ್ತದೆ.

ನೀವೇ ಎರಡನೇ ಮದುವೆಗೆ ಹೊರಟಿದ್ದರೆ, ಮದುವೆಗೆ ಮುಂಚೆ ಇನ್ನೂ ಒಂದು ಕೆಲಸ. ಮೊದಲ ಮದುವೆಯ ಮಕ್ಕಳನ್ನು ಕೂರಿಸಿಕೊಂಡು, ಏನು ಅವರದ್ದಾಗಿಯೇ ಉಳಿಯುತ್ತದೆ, ಏನು ಹೊಸ ಸಂಸಾರಕ್ಕೆ ಹೋಗುತ್ತದೆ ಅಂತ ಬಾಯಿ ಬಿಟ್ಟು ಹೇಳಿ. ಮಕ್ಕಳಿಗೆ ಚಿಕ್ಕಮ್ಮನ ಮೇಲೆ ಸಿಟ್ಟು ಬರುವುದು ಅನೇಕ ಸಲ ಆಕೆಯ ಸ್ವಭಾವದಿಂದಲ್ಲ, ಯಾರೂ ಹೇಳದೆ ಬಿಟ್ಟ ಲೆಕ್ಕದಿಂದ. ಹೇಳಿಬಿಟ್ಟರೆ ಅರ್ಧ ಸಿಟ್ಟು ಅಲ್ಲೇ ಇಳಿಯುತ್ತದೆ.

ದೇವಿಕಾರಾಣಿಗೆ ಹೆಸರಿಗೇನೂ ಕೊರತೆಯಿರಲಿಲ್ಲ. ಪೋಸ್ಟರಿನಲ್ಲಿತ್ತು, ಪ್ರಶಸ್ತಿ ಪತ್ರದಲ್ಲಿತ್ತು, ಕೊನೆಗೆ ಒಂದು ಕಾಯ್ದೆಯ ತಲೆಬರಹದಲ್ಲೂ ಸೇರಿತು. ಅಷ್ಟು ಹೆಸರಿದ್ದವರ ಮನೆಗೇ ಅಷ್ಟು ವರ್ಷ ವ್ಯಾಜ್ಯ ತಪ್ಪಲಿಲ್ಲ. ರೇಷನ್ ಕಾರ್ಡಿನಲ್ಲಿ ಮಾತ್ರ ಹೆಸರಿರುವವರ ಗತಿ ಏನು? ಈ ಭಾನುವಾರ ಊರಿಗೆ ಫೋನು ಮಾಡಿದಾಗ ‘ಊಟ ಆಯ್ತಾ’ ಅಂದ ಮೇಲೆ ಆ ಇನ್ನೊಂದು ಪ್ರಶ್ನೆಯನ್ನೂ ಕೇಳಿ.